ಮೊದಲ ಡಿಸ್ಕ್ ಯಾವುದಿರಲಿ? ನಿಮ್ಮ ಕೈಗೆ, ನಮ್ಮ ಗಾಳಿಗೆ ಒಂದು ಮಿಡ್‌ರೇಂಜ್

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆ, ಬ್ಯಾಡಗಿ ಸ್ಟೇಷನ್‌ನಲ್ಲಿ ಗಾಡಿ ಕಾಯ್ತಾ ನಿಂತವರಿಗೆ, ರಾಣೆಬೆನ್ನೂರಲ್ಲಿ ಅಂಗಡಿ ಶಟರ್ ಎತ್ತೋಕೆ ಮುಂಚೆ ಹತ್ತು ನಿಮಿಷ ಪುರುಸೊತ್ತು ಮಾಡ್ಕೊಂಡವರಿಗೆ, ಎಲ್ಲರಿಗೂ ಸ್ವಾಗತ. ಇವತ್ತು ಡಿಸ್ಕ್ ಗಾಲ್ಫ್ ಬಗ್ಗೆ ಮಾತಾಡೋಣ. ಪೂರ್ತಿ ಆಟದ ಬಗ್ಗೆ ಅಲ್ಲ. ಒಂದೇ ಪ್ರಶ್ನೆ: ಜೇಬಿನಲ್ಲಿ ಒಂದೇ ಡಿಸ್ಕ್‌ಗೆ ಆಗುವಷ್ಟು ದುಡ್ಡಿದೆ, ಯಾವುದನ್ನ ತಗೋಬೇಕು?

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫ್ ಹಾಗೇ, ಆದ್ರೆ ಚೆಂಡು ಮತ್ತು ಕೋಲಿನ ಬದಲು ಕೈಯಿಂದ ಎಸೆಯೋ ಡಿಸ್ಕ್. ರಂಧ್ರದ ಬದಲು ಕಂಬಕ್ಕೆ ಸರಪಳಿ ಇಳಿಬಿಟ್ಟ ಬುಟ್ಟಿ. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದರು. ಫ್ರಿಸ್ಬೀ ಮಾರುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಅನ್ನೋರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಇದಕ್ಕೊಂದು ಕಾಯಂ ಕೋರ್ಸ್ ಮಾಡಿದರು. ಮರುವರ್ಷ, 1976ರಲ್ಲಿ, ಪಿಡಿಜಿಎ ಅನ್ನೋ ಸಂಸ್ಥೆ ಶುರುವಾಯ್ತು. ಇವತ್ತಿಗೂ ನಿಯಮ ಬರೆಯೋದು ಅದೇ. ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನ ಪ್ಲಾಸ್ಟಿಕ್ ಜೊತೆ ಬೆರೆಸಿ ಡಿಸ್ಕ್ ಮಾಡಿದರು. ಗಂಗೆಯಲ್ಲೋ ತುಂಗಭದ್ರೆಯಲ್ಲೋ ಬಿಡೋ ನಮಗೆ ಇದು ವಿಚಿತ್ರ ಅನ್ನಿಸಬಹುದು, ಆದ್ರೆ ಮನುಷ್ಯನಿಗೆ ಆಟದ ಹುಚ್ಚು ಎಷ್ಟಿತ್ತು ನೋಡ್ರಿ.

ಈ ಆಟದ ಮನೆ ಅಮೆರಿಕ, ಆಮೇಲೆ ಫಿನ್‌ಲ್ಯಾಂಡ್, ಸ್ವೀಡನ್, ಎಸ್ಟೋನಿಯಾ ಕಡೆ. ನಮ್ಮ ದೇಶದಲ್ಲಿ ಡಿಸ್ಕ್ ಅಂದ್ರೆ ಬೆಂಗಳೂರು, ಚೆನ್ನೈ ಹುಡುಗರು ಆಡೋ ಅಲ್ಟಿಮೇಟ್ ಫ್ರಿಸ್ಬೀ ಹೆಚ್ಚು ಪರಿಚಯ. ಡಿಸ್ಕ್ ಗಾಲ್ಫ್‌ನ ಡಿಸ್ಕ್ ನಮ್ಮೂರಿಗೆ ಬರೋ ದಾರಿ ಸಾಮಾನ್ಯವಾಗಿ ಸೂಟ್‌ಕೇಸು. ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಅಣ್ಣನೋ ಅಕ್ಕನೋ ಮನೆ ಪಕ್ಕದ ಪಾರ್ಕಿನಲ್ಲಿ ಆಡೋದನ್ನ ಕಲಿತಿರ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲೇ 18 ಬುಟ್ಟಿಯ ಕೋರ್ಸ್ ಇದೆ. ಬಹಳಷ್ಟು ಪಾರ್ಕುಗಳಲ್ಲಿ ದುಡ್ಡು ಕೊಡಬೇಕಿಲ್ಲ, ಡಿಸ್ಕ್ ಇದ್ದರೆ ಸಾಕು. ದೀಪಾವಳಿಗೆ ಊರಿಗೆ ಬರುವಾಗ ಚಾಕೊಲೇಟ್ ಜೊತೆ ಒಂದು ಡಿಸ್ಕ್ ತರ್ತಾರೆ.

ತೊಂದರೆ ಶುರುವಾಗೋದು ಅಲ್ಲೇ. ಅವರು ತರೋದು ದೊಡ್ಡ ಆಟಗಾರರು ಎಸೆಯೋ ಡ್ರೈವರ್. ಇನ್ನೋವಾ ಕಂಪನಿಯ ಡೆಸ್ಟ್ರಾಯರ್ ಅಂತ ಒಂದಿದೆ, ಬಹಳ ಹೆಸರುವಾಸಿ. ಇಲ್ಲಿ ತಮ್ಮ ಅದನ್ನ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಸೀತಾನೆ. ಅದು ಇಪ್ಪತ್ತು ಹೆಜ್ಜೆ ನೆಟ್ಟಗೆ ಹೋಗಿ, ಎಡಕ್ಕೆ ಹೊರಳಿ, ಎರೆಹೊಲಕ್ಕೆ ಕುಡುಗೋಲಿನ ಹಾಗೆ ನೆಟ್ಟುಕೊಳ್ತದೆ. ಹತ್ತು ಸಲ ಎಸೆದರೂ ಅದೇ. ತಂಗಿ ಕೈಗೆ ಕೊಟ್ಟರೆ ಇನ್ನೂ ಹತ್ತಿರದಲ್ಲೇ ಬೀಳ್ತದೆ. ಕಟ್ಟೆ ಮೇಲೆ ಕೂತವರು "ಇದು ನಿನ್ನ ಕೈಯಲ್ಲಾಗೋದಲ್ಲ ಬಿಡವ್ವ" ಅಂತಾರೆ. ಡಿಸ್ಕ್ ಅಟ್ಟ ಸೇರ್ತದೆ. ಕೈಯಲ್ಲಿ ಏನೂ ದೋಷ ಇರಲಿಲ್ಲ. ಆ ಕೈಗೆ ಆ ಡಿಸ್ಕ್ ಹೊಂದೋದಿಲ್ಲ, ಅಷ್ಟೇ. ಇವತ್ತಿನ ಕಂತು ಮಾಡ್ತಿರೋದೇ ಆ ಅಟ್ಟ ಸೇರಿದ ಡಿಸ್ಕುಗಳಿಗಾಗಿ.

ಡಿಸ್ಕ್ ಮೇಲೆ ನಾಲ್ಕು ಅಂಕಿ ಬರೆದಿರ್ತಾರೆ. ಮೊದಲನೆಯದು ಸ್ಪೀಡ್. ಇದು ಡಿಸ್ಕ್ ಎಷ್ಟು ಜೋರಾಗಿ ಹೋಗ್ತದೆ ಅನ್ನೋದಲ್ಲ, ಸರಿಯಾಗಿ ಹಾರೋಕೆ ನಿಮ್ಮಿಂದ ಎಷ್ಟು ವೇಗ ಕೇಳ್ತದೆ ಅನ್ನೋದು. ಎರಡನೆಯದು ಗ್ಲೈಡ್, ಗಾಳಿಯಲ್ಲಿ ತೇಲೋ ಗುಣ. ಮೂರನೆಯದು ಟರ್ನ್: ಜೋರಾಗಿರುವಾಗ, ಅಂದ್ರೆ ಹಾರಾಟದ ಮೊದಲ ಭಾಗದಲ್ಲಿ, ಬಲಕ್ಕೆ ಎಷ್ಟು ವಾಲ್ತದೆ. ನಾಲ್ಕನೆಯದು ಫೇಡ್: ವೇಗ ಇಳಿದ ಮೇಲೆ ಕೊನೆಗೆ ಎಡಕ್ಕೆ ಎಷ್ಟು ಜಾರ್ತದೆ. ಇದೆಲ್ಲ ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದಾಗಿನ ಲೆಕ್ಕ. ಟರ್ನ್ ಮೈನಸ್‌ನಲ್ಲಿರ್ತದೆ, ಮೈನಸ್ ಜಾಸ್ತಿ ಆದಷ್ಟೂ ಬಲಕ್ಕೆ ಹೆಚ್ಚು.

ಡೆಸ್ಟ್ರಾಯರ್ ಅಂಕಿ 12, 5, ಮೈನಸ್ 1, 3. ಹನ್ನೆರಡರ ವೇಗ ಕೇಳ್ತದೆ, ಕೊಡದಿದ್ರೆ ಆ ಮೂರರ ಫೇಡ್ ಮೊದಲಿಂದಲೇ ಎಡಕ್ಕೆ ಎಳೀತದೆ. ಮಿಡ್‌ರೇಂಜ್ ಅಂದ್ರೆ ಸ್ಪೀಡ್ 4 ಅಥವಾ 5. ಅದರಲ್ಲಿ ಟರ್ನ್ ಮೈನಸ್ 2, ಮೈನಸ್ 3 ಇದ್ದು, ಫೇಡ್ 0 ಅಥವಾ 1 ಇದ್ದರೆ ಅದನ್ನ ಅಂಡರ್‌ಸ್ಟೇಬಲ್ ಅಂತಾರೆ.

ಹೆಸರು ಕೇಳಿ ಬಹಳ ಜನ ಮೋಸ ಹೋಗ್ತಾರೆ. ಸ್ಟೇಬಲ್ ಅಲ್ಲ ಅಂದ್ಮೇಲೆ ಕಳಪೆ ಇರಬೇಕು ಅಂತ. ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ ಅಂತ ಯಾರಾದ್ರೂ ಕಳಪೆ ಅಂತಾರಾ? ಖಾರಕ್ಕೆ ಬೇಕಾದವರು ಗುಂಟೂರಿನದು ತಗೋತಾರೆ. ನಮ್ಮದನ್ನ ಕೊಳ್ಳೋದೇ ಬಣ್ಣಕ್ಕೆ, 2011ರಲ್ಲಿ ಜಿಐ ಟ್ಯಾಗ್ ಬಂದಿದ್ದು ಆ ಗುಣಕ್ಕೇ. ಏನಕ್ಕೆ ಬೇಕು ಅಂತ ಗೊತ್ತಿದ್ರೆ "ಕಡಿಮೆ" ಅನ್ನೋದೇ ಗುಣ ಆಗ್ತದೆ. ಅಂಡರ್‌ಸ್ಟೇಬಲ್ ಡಿಸ್ಕ್ ನಿಮ್ಮಿಂದ ಕಡಿಮೆ ವೇಗ ಕೇಳ್ತದೆ. ನಿಧಾನದ ಕೈಯಲ್ಲಿ ಆ ಬಲಕ್ಕೆ ವಾಲೋ ಗುಣ, ಎಡಕ್ಕೆ ಜಾರೋ ಗುಣ ಎರಡೂ ಒಂದನ್ನೊಂದು ಹೊಡೆದುಹಾಕಿ ಡಿಸ್ಕ್ ನೆಟ್ಟಗೆ ಹೋಗ್ತದೆ.

ಯಾಕೆ ಹೀಗೆ? ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಾದ್ರೆ ಮುಂದೆ ಯಾವ ಅಂಗಡಿಯವರೂ ನಿಮ್ಮನ್ನ ಯಾಮಾರಿಸೋಕೆ ಆಗಲ್ಲ. ಬುಗುರಿ ಆಡಿದ್ದೀರಲ್ಲ. ಜೋರಾಗಿ ತಿರುಗ್ತಿರೋ ಬುಗುರಿಯ ತಲೆಯನ್ನ ಬೆರಳಿಂದ ಮುಂದಕ್ಕೆ ಮೆಲ್ಲಗೆ ತಳ್ಳಿ. ಅದು ಮುಂದಕ್ಕೆ ಬೀಳಲ್ಲ, ಪಕ್ಕಕ್ಕೆ ವಾಲ್ತದೆ. ತಿರುಗೋ ವಸ್ತುವಿನ ಸ್ವಭಾವವೇ ಅದು. ಡಿಸ್ಕ್ ಕೂಡ ಮಲಗಿಕೊಂಡು ಹಾರೋ ಬುಗುರಿ. ಬಲಗೈ ಬ್ಯಾಕ್‌ಹ್ಯಾಂಡ್‌ನಲ್ಲಿ ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗ್ತದೆ. ಡಿಸ್ಕ್ ಜೋರಾಗಿ ಹೋಗುವಾಗ ಗಾಳಿ ಅದನ್ನ ಎತ್ತಿಹಿಡಿಯೋ ಜಾಗ ನಡುವಿಗಿಂತ ಸ್ವಲ್ಪ ಹಿಂದಿರ್ತದೆ. ಅಂದ್ರೆ ಗಾಳಿ ಮೂತಿಯನ್ನ ಕೆಳಗೆ ಒತ್ತೋಕೆ ನೋಡ್ತದೆ. ಆದ್ರೆ ತಿರುಗ್ತಿರೋದ್ರಿಂದ ಮೂತಿ ಕೆಳಗೆ ಹೋಗೋ ಬದಲು ಡಿಸ್ಕ್ ಬಲಕ್ಕೆ ವಾಲ್ತದೆ. ವೇಗ ಇಳೀತಾ ಬಂದಂಗೆ ಎತ್ತಿಹಿಡಿಯೋ ಜಾಗ ಮುಂದಕ್ಕೆ ಸರೀತದೆ, ಮೂತಿ ಮೇಲೇಳೋಕೆ ನೋಡ್ತದೆ, ಆಗ ಎಡಕ್ಕೆ. ಟರ್ನ್, ಫೇಡ್ ಎರಡರ ಕಥೆಯೂ ಇಷ್ಟೇ. ಅಂಚಿನ ಆಕಾರ ಸ್ವಲ್ಪ ಬದಲಾದರೆ ಈ ಜಾಗ ಹಿಂದೆಮುಂದೆ ಆಗ್ತದೆ. 1983ರಲ್ಲಿ ಇನ್ನೋವಾದ ಡೇವ್ ಡುನಿಪೇಸ್ ಅಂಚನ್ನ ಓರೆಯಾಗಿ ಚೂಪು ಮಾಡಿದ ಮೇಲೆಯೇ ಈಗಿನ ಥರದ ಡಿಸ್ಕ್ ಬಂದಿದ್ದು.

ಇದರಿಂದ ತಿಳಿಯೋದು ಏನಪ್ಪಾ ಅಂದ್ರೆ, ಅಂಡರ್‌ಸ್ಟೇಬಲ್ ಅನ್ನೋದು ಡಿಸ್ಕ್ ಒಂದರದೇ ಗುಣ ಅಲ್ಲ. ನಿಮ್ಮ ಕೈಯ ವೇಗ, ಎದುರು ಗಾಳಿಯ ವೇಗ, ಎರಡೂ ಸೇರಿ ತೀರ್ಮಾನ ಆಗ್ತದೆ. ಒಂದೇ ಡಿಸ್ಕ್ ತಂಗಿ ಎಸೆದರೆ ನೆಟ್ಟಗೆ, ಅಣ್ಣ ಎಸೆದರೆ ಬಲಕ್ಕೆ ಉರುಳಿ ಹೊಲದ ಬದುವಿಗೆ.

ಹಾಗಾದ್ರೆ ನಿಮ್ಮ ಕೈ ಎಷ್ಟು ಅಂತ ತಿಳಿಯೋದು ಹೇಗೆ? ಅಮೆರಿಕದಲ್ಲಿ ಡಿಸ್ಕ್ ಗಾಲ್ಫ್ ದೂರವನ್ನ ಅಡಿಯಲ್ಲಿ ಅಳೀತಾರೆ. ನಮಗೆ ಅದು ಅನುಕೂಲ, ಯಾಕಂದ್ರೆ ನಮ್ಮ ಹೊಲವೂ ಅಡಿಯಲ್ಲೇ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ. ಚೌಕಾಗಿರೋ ಒಂದು ಎಕರೆ ಹೊಲದ ಒಂದು ಬದಿ ಸುಮಾರು 209 ಅಡಿ, ಅಂದ್ರೆ 64 ಮೀಟರ್. ಯಾರದ್ದಾದ್ರೂ 175 ಗ್ರಾಂ ಅಲ್ಟಿಮೇಟ್ ಡಿಸ್ಕ್ ಇಸಕೊಂಡು, ಗಾಳಿ ಇಲ್ಲದ ಹೊತ್ತಿನಲ್ಲಿ ಎಸೆದು ನೋಡಿ. ಆರು ಗುಂಟೆ ಉದ್ದ, ಅಂದ್ರೆ 200 ಅಡಿ ಹತ್ತಿರ, ದಾಟದಿದ್ರೆ ನಿಮ್ಮದು ಸದ್ಯಕ್ಕೆ ನಿಧಾನದ ಕೈ. ನಾಚಿಕೆ ಪಡೋ ಮಾತೇ ಅಲ್ಲ, ಹೊಸಬರೆಲ್ಲ ಅಲ್ಲೇ ಇರ್ತಾರೆ. ಟರ್ನ್ ಮೈನಸ್ 2 ನಿಮಗೆ ಸರಿ, ಹದಿಮೂರು ಹದಿನಾಲ್ಕು ವರ್ಷದ ಹುಡುಗ ಹುಡುಗಿಯರಿಗೆ ಮೈನಸ್ 3 ಕೂಡ ಸರಿ. ಎಕರೆಯ ಬದು ಆರಾಮಾಗಿ ದಾಟಿ 250 ಅಡಿ ಕಡೆ ಹೋಗ್ತಿದ್ರೆ ಮೈನಸ್ 1 ಸಾಕು. ಇದು ನನ್ನ ಲೆಕ್ಕ, ಶಾಸ್ತ್ರ ಅಲ್ಲ.

ಈಗ ಗಾಳಿ. ಇಂಟರ್‌ನೆಟ್‌ನಲ್ಲಿ "ಹೊಸಬರು ಯಾವುದು ತಗೋಬೇಕು" ಅಂತ ಹುಡುಕಿದ್ರೆ ಎಲ್ಲರೂ ಕಣ್ಣುಮುಚ್ಚಿ ಅಂಡರ್‌ಸ್ಟೇಬಲ್ ತಗೊಳ್ಳಿ, ಮೈನಸ್ 3 ತಗೊಳ್ಳಿ ಅಂತಾರೆ. ಅವರು ಹೇಳೋದು ಮರಗಳ ನಡುವೆ ಇರೋ ಪಾರ್ಕಿಗೆ. ಅಲ್ಲಿ ಮರ ಗಾಳಿ ತಡೀತದೆ. ನಮ್ಮದು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗೋ ಜಾಗ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಬಯಲಲ್ಲಿ ತಡೆಯಿಲ್ಲದೆ ನುಗ್ಗುತ್ತದೆ. ಆಷಾಢದ ಗಾಳಿ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ, ಒಣಹಾಕಿದ ಅಂಗಿ ಓಣಿ ದಾಟಿ ಹೋಗಿರ್ತದೆ. ಗದಗ ಕಡೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸಾಲಾಗಿ ನಿಲ್ಲಿಸಿದ್ದು ಸುಮ್ಮನೆ ಅಲ್ಲ.

ಲೆಕ್ಕ ನೋಡಿ. ನೀವು ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಡಿಸ್ಕ್ ಬಿಟ್ಟಿರಿ ಅಂತಿಟ್ಟುಕೊಳ್ಳಿ. ಎದುರಿಂದ 20ರ ಗಾಳಿ ಬಂತು. ಡಿಸ್ಕ್‌ಗೆ ಗೊತ್ತಾಗೋದು 90. ನಿಧಾನದ ಕೈಗೆ ಅಂತ ಕೊಂಡ ಮೈನಸ್ 3ರ ಡಿಸ್ಕ್ ಈಗ ಜೋರು ಕೈಯವನು ಎಸೆದ ಹಾಗೆ ವರ್ತಿಸ್ತದೆ. ಬಲಕ್ಕೆ ವಾಲಿ, ವಾಲಿ, ಪೂರ್ತಿ ಮಗುಚಿ, ಅಂಚಿನ ಮೇಲೆ ನಿಂತು ಸೈಕಲ್ ಗಾಲಿ ಥರ ಉರುಳ್ತಾ ಹೋಗ್ತದೆ. ಹಿಂದಿಂದ ಅದೇ ಗಾಳಿ ಬಂದ್ರೆ ಡಿಸ್ಕ್‌ಗೆ ಗೊತ್ತಾಗೋದು 50 ಮಾತ್ರ. ಆಗ ಟರ್ನ್ ಕಾಣೋದೇ ಇಲ್ಲ, ಬೇಗ ಎಡಕ್ಕಿಳಿದು ಬೀಳ್ತದೆ. ಒಂದೇ ಡಿಸ್ಕ್, ಒಂದೇ ಕೈ, ಹೊಲದ ಈ ತುದಿಯಿಂದ ಎಸೆದ್ರೆ ಒಂದು ಥರ, ಆ ತುದಿಯಿಂದ ಎಸೆದ್ರೆ ಇನ್ನೊಂದು. ಇದು ತಿಳಿಯದೆ ಬಹಳ ಜನ ದಿನಕ್ಕೊಂದು ಸಲ ಕೈ ತಿರುಗಿಸೋ ರೀತಿ ಬದಲಾಯಿಸ್ತಾ ಇರ್ತಾರೆ.

ಅದಕ್ಕೇ ನಾನು ಹಾವೇರಿ ಬಯಲಿಗೆ ಮೈನಸ್ 3 ಬೇಡ ಅನ್ನೋದು. ದೊಡ್ಡವರ ಕೈಯಾದ್ರೆ ಮೈನಸ್ 2ಕ್ಕೆ ನಿಲ್ಲಿ. ಫೇಡ್ ಪೂರ್ತಿ ಸೊನ್ನೆ ಇರೋದಕ್ಕಿಂತ 1 ಇರಲಿ, ಗಾಳಿಯಲ್ಲಿ ಸ್ವಲ್ಪ ವಾಲಿದ್ರೂ ಕೊನೆಗೆ ಎದ್ದು ಕೂರೋ ಶಕ್ತಿ ಇರ್ತದೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ನಮ್ಮ ಹುಡುಗರು ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದು ಬೆಳೆದವರು. ನೀರಿನ ಮೇಲೆ ಐದು ಸಲ, ಆರು ಸಲ ಕುಪ್ಪಳಿಸಬೇಕು ಅಂತ ಪಂದ್ಯ ಕಟ್ಟಿದವರು. ಇಲ್ಲಾಂದ್ರೆ ಕ್ರಿಕೆಟ್‌ನಲ್ಲಿ ಪಾಯಿಂಟ್‌ನಿಂದ ಸೈಡ್‌ಆರ್ಮ್ ಥ್ರೋ ಹೊಡೆದವರು. ಡಿಸ್ಕ್ ಕೈಗೆ ಬಂದ ಕೂಡಲೇ ಬ್ಯಾಕ್‌ಹ್ಯಾಂಡ್ ಬಿಟ್ಟು ಅದೇ ಪಕ್ಕದ ಎಸೆತಕ್ಕೆ ಹೋಗ್ತಾರೆ. ಫೋರ್‌ಹ್ಯಾಂಡ್ ಅಂತಾರೆ ಅದಕ್ಕೆ. ತಪ್ಪೇನಿಲ್ಲ, ದೊಡ್ಡ ಆಟಗಾರರೂ ಎಸೀತಾರೆ. ಆದ್ರೆ ಅದರಲ್ಲಿ ದಿಕ್ಕು ಎಲ್ಲ ಉಲ್ಟಾ: ಟರ್ನ್ ಎಡಕ್ಕೆ, ಫೇಡ್ ಬಲಕ್ಕೆ. ಜೊತೆಗೆ ಮಣಿಕಟ್ಟು ಕಲಿಯೋವರೆಗೆ ಡಿಸ್ಕ್ ಅಲುಗಾಡ್ತಾ ಹೊರಡ್ತದೆ. ತಿರುಗೋದು ಕಡಿಮೆ, ತೋಳಿನ ಬಲ ಜಾಸ್ತಿ. ಹಾಗೆ ಅಲುಗಾಡೋ ಡಿಸ್ಕ್ ತನ್ನ ಅಂಕಿಗಿಂತ ಹೆಚ್ಚು ಅಂಡರ್‌ಸ್ಟೇಬಲ್ ಆಗಿ ವರ್ತಿಸ್ತದೆ. ನೀವು ಕಲ್ಲು ಎಸೆಯೋ ಕೈಯವರಾಗಿದ್ರೆ, ಬ್ಯಾಕ್‌ಹ್ಯಾಂಡ್ ಕಲಿಯೋ ಮನಸ್ಸಿಲ್ಲ ಅಂದ್ರೆ, ಇಲ್ಲೀವರೆಗೆ ನಾನು ಹೇಳಿದ್ದನ್ನ ಬದಿಗಿಟ್ಟು ಮೈನಸ್ 1, ಫೇಡ್ 1 ಇರೋ ಮಿಡ್‌ರೇಂಜ್ ತಗೊಳ್ಳಿ. ಡಿಸ್ಕ್ರಾಫ್ಟ್ ಕಂಪನಿಯ ಬಝ್ ಅಂಥದ್ದು, 5, 4, ಮೈನಸ್ 1, 1. ಜಗತ್ತಿನಲ್ಲಿ ಅತಿ ಹೆಚ್ಚು ಜನ ಎಸೆಯೋ ಮಿಡ್‌ರೇಂಜ್‌ಗಳಲ್ಲಿ ಅದೂ ಒಂದು.

ಬ್ಯಾಕ್‌ಹ್ಯಾಂಡ್‌ನವರಿಗೆ ಹೆಸರು ಹೇಳಬೇಕಂದ್ರೆ, ಇನ್ನೋವಾದ ಪ್ಯಾಂಥರ್ 5, 4, ಮೈನಸ್ 2, 1. ಡಿಸ್ಕ್ರಾಫ್ಟ್‌ನ ಬಝ್ ಎಸ್‌ಎಸ್ ಹೆಚ್ಚುಕಡಿಮೆ ಅದೇ ಸ್ವಭಾವ. ನಾನಾದ್ರೆ ಇವೆರಡರಲ್ಲಿ ಸಿಕ್ಕಿದ್ದು ತಗೋತೀನಿ. ಸ್ವೀಡನ್ನಿನ ಲ್ಯಾಟಿಟ್ಯೂಡ್ 64 ಕಂಪನಿಯ ಫ್ಯೂಸ್ 5, 6, ಮೈನಸ್ 2, 0. ತೇಲೋದರಲ್ಲಿ ಬಹಳ ಚಂದ, ಗಾಳಿ ಇಲ್ಲದ ಬೆಳಗ್ಗೆ ಅದನ್ನ ಎಸೆಯೋದೇ ಒಂದು ಖುಷಿ, ಆದ್ರೆ ಗ್ಲೈಡ್ 6 ಅಂದ್ರೆ ಗಾಳಿಗೂ ಅಷ್ಟೇ ಪ್ರೀತಿ. ಮಕ್ಕಳಿಗೆ ಇನ್ನೋವಾದ ಸ್ಟಿಂಗ್‌ರೇ, 4, 5, ಮೈನಸ್ 3, 1. ಒಂದು ಎಚ್ಚರಿಕೆ: ಈ ನಾಲ್ಕು ಅಂಕಿಗಳನ್ನ ಕಂಪನಿಗಳು ತಾವೇ ಹಾಕ್ಕೊಳ್ಳೋದು. ಪಿಡಿಜಿಎ ಅಳತೆ, ತೂಕ, ಅಂಚು ಪರೀಕ್ಷೆ ಮಾಡ್ತದೆಯೇ ಹೊರತು ಟರ್ನ್ ಎಷ್ಟು ಅಂತ ಸರ್ಟಿಫಿಕೇಟ್ ಕೊಡಲ್ಲ. ಒಂದು ಕಂಪನಿಯ ಮೈನಸ್ 2 ಇನ್ನೊಂದರ ಮೈನಸ್ 1ರ ಹಾಗೆ ಹಾರಬಹುದು.

ಒಂದೇ ಹೆಸರಿನ ಡಿಸ್ಕ್ ಕೂಡ ಪ್ಲಾಸ್ಟಿಕ್ ಬದಲಾದ್ರೆ ಬೇರೆ. ಡಬ್ಬಿನೂ ಬ್ಯಾಡಗಿಯೇ, ಕಡ್ಡಿನೂ ಬ್ಯಾಡಗಿಯೇ, ಆದ್ರೆ ಎಪಿಎಂಸಿಯಲ್ಲಿ ರೇಟ್ ಒಂದೇನಾ? ಬೇಸ್ ಪ್ಲಾಸ್ಟಿಕ್ ಅಂತ ಒಂದಿದೆ, ಇನ್ನೋವಾದಲ್ಲಿ ಡಿಎಕ್ಸ್, ಡಿಸ್ಕ್ರಾಫ್ಟ್‌ನಲ್ಲಿ ಪ್ರೋ-ಡಿ. ಅಗ್ಗ, ಕೈಗೆ ಹಿಡಿತ ಚೆನ್ನಾಗಿ ಸಿಗ್ತದೆ, ಆದ್ರೆ ಬೇಗ ಸವೀತದೆ. ಪ್ರೀಮಿಯಂ ಪ್ಲಾಸ್ಟಿಕ್ ಗಟ್ಟಿ, ವರ್ಷಗಟ್ಟಲೆ ಬರ್ತದೆ, ಹೊಸದರಲ್ಲಿ ಸಾಮಾನ್ಯವಾಗಿ ಅಂಕಿಗಿಂತ ಸ್ವಲ್ಪ ಎಡಕ್ಕೇ ಎಳೀತದೆ. ಅಮೆರಿಕದ ಅಂಗಡಿಯಲ್ಲಿ ಬೇಸ್ ಪ್ಲಾಸ್ಟಿಕ್ ಡಿಸ್ಕ್ ಸುಮಾರು 10 ಡಾಲರ್, ಪ್ರೀಮಿಯಂ 15ರಿಂದ 20.

ಇಲ್ಲಿ ಕಾಮರ್ಸ್ ಓದಿದ ಬುದ್ಧಿ ಸ್ವಲ್ಪ ಕೆಲಸಕ್ಕೆ ಬರ್ತದೆ. ಬೇಸ್ ಪ್ಲಾಸ್ಟಿಕ್ ಸವೆದಷ್ಟೂ ಡಿಸ್ಕ್ ಹೆಚ್ಚೆಚ್ಚು ಅಂಡರ್‌ಸ್ಟೇಬಲ್ ಆಗ್ತಾ ಹೋಗ್ತದೆ. ಮರಕ್ಕೆ, ಕಲ್ಲಿಗೆ, ಕೂಳೆಗೆ ಬಡಿದು ಅಂಚು ಒರಟಾದಂಗೆ ಟರ್ನ್ ಹೆಚ್ಚಾಗ್ತದೆ. ಅಂದ್ರೆ ಇವತ್ತು ಮೈನಸ್ 1 ಅಂತ ಕೊಂಡ ಅಗ್ಗದ ಡಿಸ್ಕ್, ನಮ್ಮ ಗರಸು ನೆಲದಲ್ಲಿ ದಿನಾ ಎಸೆದ್ರೆ, ಕೆಲವು ತಿಂಗಳಲ್ಲಿ ತಾನೇ ಮೈನಸ್ 2ರ ಕಡೆ ಬರ್ತದೆ. ಇದನ್ನ ನೋಡಿದ್ರೆ ಬಝ್‌ನ ಅಗ್ಗದ ಪ್ಲಾಸ್ಟಿಕ್ ತಗೊಂಡು ಸವೆಸೋದೇ ಲಾಭ ಅಲ್ವಾ ಅಂತ ಕೇಳಬಹುದು. ಅಷ್ಟು ತಿಂಗಳು ಎಡಕ್ಕೆ ಬೀಳೋದನ್ನ ನೋಡ್ತಾ ತಾಳ್ಮೆ ಇಟ್ಟುಕೊಳ್ಳೋರಿಗೆ ಹೌದು. ಎರಡನೇ ವಾರದಲ್ಲಿ ಅಟ್ಟಕ್ಕೆ ಹಾಕೋ ಸ್ವಭಾವದವರಿಗೆ ಬೇಡ, ಮೊದಲ ದಿನದಿಂದಲೇ ನೆಟ್ಟಗೆ ಹೋಗೋದು ತಗೊಳ್ಳಿ. ಉಳಿಸೋ ಐದು ಡಾಲರಿಗಿಂತ ಆಟ ಉಳಿಯೋದು ದೊಡ್ಡದು. ಇನ್ನು ಮೈನಸ್ 2ರ ಡಿಸ್ಕನ್ನ ಬೇಸ್ ಪ್ಲಾಸ್ಟಿಕ್‌ನಲ್ಲಿ ತಗೊಂಡ್ರೆ ಅದು ಬೇಗ ಮೈನಸ್ 3 ಆಗಿ ಗಾಳಿಗೆ ಮಗುಚೋಕೆ ಶುರು ಮಾಡ್ತದೆ. ಆದ್ದರಿಂದ ಮೈನಸ್ 2 ಆದ್ರೆ ಪ್ರೀಮಿಯಂ, ಮೈನಸ್ 1 ಆದ್ರೆ ಬೇಸ್.

ಆನ್‌ಲೈನ್‌ನಲ್ಲಿ ಹೊರದೇಶದಿಂದ ಒಂದೇ ಡಿಸ್ಕ್ ತರಿಸಿದ್ರೆ ಡಿಸ್ಕಿನ ಬೆಲೆಗಿಂತ ಕೊರಿಯರ್, ಕಸ್ಟಮ್ಸ್ ಖರ್ಚೇ ಹೆಚ್ಚಾಗಬಹುದು. ನಾಲ್ಕು ಜನ ಸೇರಿ ತರಿಸಿ. ನಾಲ್ಕೂ ಒಂದೇ ಬೇಡ, ಬೇರೆ ಬೇರೆ ಟರ್ನ್ ಇರೋದು ತರಿಸಿ ಅದಲುಬದಲು ಮಾಡ್ಕೊಂಡು ಎಸೆಯಿರಿ, ಯಾರ ಕೈಗೆ ಯಾವುದು ಅಂತ ಒಂದು ಬೆಳಗ್ಗೆಯಲ್ಲೇ ಗೊತ್ತಾಗ್ತದೆ. ಇಲ್ಲಾ ಊರಿಗೆ ಬರೋ ನೆಂಟರಿಗೆ ಈಗಲೇ ವಾಟ್ಸಾಪ್ ಹಾಕಿ. "ಒಂದು ಡಿಸ್ಕ್ ತನ್ನಿ" ಅಂತ ಮಾತ್ರ ಬರೆದ್ರೆ ಮತ್ತೆ ಡೆಸ್ಟ್ರಾಯರ್ ಬರ್ತದೆ. ಹೀಗೆ ಬರೀರಿ: ಡ್ರೈವರ್ ಬೇಡ, ಮಿಡ್‌ರೇಂಜ್, ಸ್ಪೀಡ್ 5, ಟರ್ನ್ ಮೈನಸ್ 2, ಫೇಡ್ 1, ತೂಕ 170ರ ಆಸುಪಾಸು, ಬಣ್ಣ ಗುಲಾಬಿ.

ತೂಕ ಯಾಕೆ 170? ನಿಯಮದ ಪ್ರಕಾರ ಡಿಸ್ಕಿನ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರೋ ಹಾಗಿಲ್ಲ. 21.7 ಸೆಂಟಿಮೀಟರ್ ಇರೋ ಮಿಡ್‌ರೇಂಜ್‌ಗೆ ಅದು ಸುಮಾರು 180 ಗ್ರಾಂ. ಹಗುರ ಆದಷ್ಟೂ ನಿಧಾನದ ಕೈಗೆ ತಿರುಗಿಸೋದು ಸುಲಭ, ಆದ್ರೆ ಗಾಳಿ ಆಟವಾಡಿಸ್ತದೆ. ಪೂರ್ತಿ 180 ಬಯಲಿಗೆ ಒಳ್ಳೇದೇ, ಹೊಸ ಕೈಗೆ ಭಾರ. ನಡುವಿನದು 168ರಿಂದ 174. ಹದಿಹರೆಯದವರಿಗೆ 160ರ ಹತ್ತಿರದ್ದು ಸಿಕ್ಕಿದ್ರೆ ಇನ್ನೂ ಚೆನ್ನ, ಅವರು ಬೆಳಗ್ಗೆ ಮಾತ್ರ ಆಡಲಿ.

ಬಣ್ಣ ಅಂದ್ರೆ ಶೋಕಿ ಅಲ್ಲ. ಗೋವಿನಜೋಳ ಕೊಯ್ದ ಹೊಲದಲ್ಲಿ ಹಳದಿ, ಕಂದು ಡಿಸ್ಕ್ ಬಿದ್ರೆ ಕೂಳೆಯಲ್ಲಿ ಕಳೆದೇ ಹೋಯ್ತು. ಹಸಿರು ಯಾವ ಕಾಲಕ್ಕೂ ಬೇಡ. ಗುಲಾಬಿ, ತಿಳಿನೀಲಿ ಎರೆಮಣ್ಣಿನ ಮೇಲೂ ಕಾಣ್ತದೆ. ಕೆಂಪು ಬೇಕೇ ಬೇಕು ಅನ್ನೋ ಬ್ಯಾಡಗಿಯವರು ಮೆಣಸಿನಕಾಯಿ ಒಣಹಾಕಿದ ಕಣದ ಪಕ್ಕ ಮಾತ್ರ ಎಸೆಯಬೇಡಿ, ಸಿಗೋದೂ ಇಲ್ಲ, ಕಣದವರು ಬಿಡೋದೂ ಇಲ್ಲ.

ಎಲ್ಲಿ ಎಸೆಯೋದು? ಕೊಯ್ಲು ಆದ ಮೇಲೆ ಖಾಲಿ ಬಿದ್ದ ಹೊಲ ಎಲ್ಲಕ್ಕಿಂತ ಒಳ್ಳೇದು, ಹೊಲದವರನ್ನ ಕೇಳಿ. ಶಾಲೆ, ಕಾಲೇಜು ಮೈದಾನ ಸಂಜೆ ಕ್ರಿಕೆಟ್‌ನವರದು, ಬೆಳಗ್ಗೆ ಆರಕ್ಕೆ ಹೋಗಿ. ಈ ಡಿಸ್ಕ್ ಹಿಡಿಯೋ ಫ್ರಿಸ್ಬೀ ಅಲ್ಲ, ಅಂಚು ಗಟ್ಟಿ. ಹಲ್ಲಿಗೆ ಬಿದ್ರೆ ಹಲ್ಲು ಹೋಗ್ತದೆ. ಜನ, ದನ, ಬೈಕ್ ಇರೋ ಕಡೆ ಎಸೆಯಬೇಡಿ. ರಾಣೆಬೆನ್ನೂರಿನವರಿಗೆ ವಿಶೇಷವಾಗಿ ಹೇಳ್ತೀನಿ: ಕೃಷ್ಣಮೃಗ ಅಭಯಾರಣ್ಯದ ಬಯಲು ಎಷ್ಟೇ ಚಂದ ಕಂಡರೂ ಅಲ್ಲಿ ಬೇಡ. 1974ರಿಂದ ಆ 119 ಚದರ ಕಿಲೋಮೀಟರ್ ಅವುಗಳದ್ದು. ಹಾವೇರಿಯವರು ಹೆಗ್ಗೇರಿ ಕೆರೆ ದಂಡೆಯಿಂದ ದೂರ ಇರಿ, ಇಂಥ ಡಿಸ್ಕ್‌ಗಳಲ್ಲಿ ಹೆಚ್ಚಿನವು ನೀರಲ್ಲಿ ಮುಳುಗ್ತವೆ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡ ಡಿಸ್ಕನ್ನ ಒರೆಸದೆ ಮತ್ತೆ ಎಸೆದ್ರೆ ನಾನು ಹೇಳಿದ ಅಂಕಿ ಯಾವುದೂ ಲೆಕ್ಕಕ್ಕೆ ಬರಲ್ಲ. ಒಂದು ಹಳೇ ಟವೆಲ್ ಇಟ್ಟುಕೊಳ್ಳಿ.

ಡಿಸ್ಕ್ ಕೈಗೆ ಬಂದ ಮೊದಲ ದಿನ ಶಕ್ತಿ ಹಾಕಬೇಡಿ. ಗಾಳಿ ಏಳೋಕೆ ಮುಂಚೆ ಹೋಗಿ, ಅರ್ಧ ಬಲದಲ್ಲಿ, ಡಿಸ್ಕನ್ನ ನೆಲಕ್ಕೆ ಸಮಾನಾಂತರವಾಗಿ ಬಿಟ್ಟು ಹತ್ತು ಸಲ ಎಸೆಯಿರಿ. ಎಲ್ಲಿ ಬಿತ್ತು ಅನ್ನೋದಕ್ಕಿಂತ ಕೊನೆಯ ಇಪ್ಪತ್ತು ಅಡಿಯಲ್ಲಿ ಯಾವ ಕಡೆ ವಾಲಿತು ನೋಡಿ. ಎಡಕ್ಕೆ ಸ್ವಲ್ಪ ಜಾರಿ ಚಪ್ಪಟೆಯಾಗಿ ಕೂತರೆ ಡಿಸ್ಕ್ ನಿಮಗೆ ಸರಿ ಇದೆ. ಹತ್ತಕ್ಕೆ ಎಂಟು ಸಲ ಬಲಕ್ಕೆ ಮಗುಚಿದ್ರೆ ಎರಡು ದಾರಿ. ಒಂದು, ಡಿಸ್ಕಿನ ಎಡ ಅಂಚನ್ನ ಸ್ವಲ್ಪ ಕೆಳಗೆ ವಾಲಿಸಿ ಬಿಡೋದು. ಆಗ ಅದು ಹಾರ್ತಾ ಹಾರ್ತಾ ತಾನೇ ಎದ್ದು ಸಮ ಆಗಿ, ನೆಟ್ಟಗೆ ಬಹಳ ದೂರ ಹೋಗ್ತದೆ. ಹೈಝರ್ ಫ್ಲಿಪ್ ಅಂತಾರೆ. ಮೊದಲ ಸಲ ಅದು ಸರಿಯಾಗಿ ಬಂದಾಗ ನೋಡಬೇಕು ಮುಖ! ಅಂಡರ್‌ಸ್ಟೇಬಲ್ ಡಿಸ್ಕ್ ಕೊಂಡಿದ್ದು ಸಾರ್ಥಕ ಆಗೋದು ಅಲ್ಲೇ, ಡ್ರೈವರ್‌ನಲ್ಲಿ ಹೊಸ ಕೈಗೆ ಇದು ಬರೋದೇ ಇಲ್ಲ. ಎರಡನೇ ದಾರಿ, ನಿಮ್ಮ ಕೈ ನೀವು ತಿಳಿದಿದ್ದಕ್ಕಿಂತ ಜೋರಿದೆ ಅಂತ ಒಪ್ಪಿಕೊಂಡು, ಆ ಡಿಸ್ಕನ್ನ ತಂಗಿಗೋ ತಮ್ಮನಿಗೋ ಕೊಟ್ಟು ಮೈನಸ್ 1 ತರಿಸೋದು.

ಬುಟ್ಟಿ ಇಲ್ಲವಲ್ಲ ಅಂತ ಕೇಳಬೇಡಿ. ಹೆಡ್ರಿಕ್ ಸರಪಳಿ ಬುಟ್ಟಿ ಮಾಡೋಕೆ ಮುಂಚೆ ಅಲ್ಲೂ ಮರಕ್ಕೆ, ಕಂಬಕ್ಕೆ ಗುರಿಯಿಟ್ಟೇ ಆಡ್ತಿದ್ರು. ಬೇವಿನ ಮರಕ್ಕೆ ಎದೆಯೆತ್ತರಕ್ಕೆ ಒಂದು ಬಟ್ಟೆ ಸುತ್ತಿ, ಸಾಕು. ಕರೆಂಟ್ ಕಂಬ ಮಾತ್ರ ಬೇಡ.

ಎಡಗೈಯವರು ಇವತ್ತು ಹೇಳಿದ ಎಡಬಲ ಎಲ್ಲಾ ಅದಲುಬದಲು ಮಾಡ್ಕೊಳ್ಳಿ, ಅಂಕಿ ಅವೇ. ಡಿಸ್ಕಿನ ಹಿಂಬದಿಗೆ ಮಾರ್ಕರ್‌ನಲ್ಲಿ ಹೆಸರು, ಫೋನ್ ನಂಬರ್ ಬರೆದಿಡಿ. ಪಕ್ಕದ ಹೊಲದವರಿಗೆ ಸಿಕ್ಕಿದ್ರೆ ರೊಟ್ಟಿ ಬಡಿಯೋ ಪರಾತದ ಮುಚ್ಚಳ ಅಂದ್ಕೊಂಡು ಮನೆಗೆ ಒಯ್ದುಬಿಟ್ಟಾರು. ಪಟರ್ ಬಗ್ಗೆ, ಅಂದ್ರೆ ಬುಟ್ಟಿ ಹತ್ತಿರದ ಕೊನೆಯ ಎಸೆತಕ್ಕೆ ಬಳಸೋ ಡಿಸ್ಕ್ ಬಗ್ಗೆ, ಇನ್ನೊಂದು ಕಂತಿನಲ್ಲಿ ಮಾತಾಡೋಣ.